ಇವೊನ ಫ್ರೇಮಿನೊಳಗಿನ ಕೆಂಪು

ಮೂರನೆಯ ತಿರುವಿನಲ್ಲಿ ಲಾರಿ ನನ್ನ ಕಾರಿನ ಹಿಂಬದಿಗೆ ಗುದ್ದಿತು.

ಸುಮ್ಮನೆ ತಾಗಿದ್ದಲ್ಲ. ಗುದ್ದಿತು!

ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಕೆಳಗೆಲ್ಲೋ ಬ್ರೆಂತಾ ನದಿ. ಕನ್ನಡಿಯಲ್ಲಿ ಓಲಿಂದೊನ ಮುಖ ಕಾಣುತ್ತಿತ್ತು... ಎಪ್ಪತ್ತು ದಾಟಿದ ಮುದುಕ, ಬಾಯಲ್ಲಿ ಆರಿದ ಚುಟ್ಟಾ. ಲಾರಿಯಲ್ಲಿ ಹುಲ್ಲಿನ ಕಂತೆ. ಹುಲ್ಲು ಸಾಗಿಸುವವನಿಗೆ ಇಷ್ಟು ಅವಸರ ಇರುವುದಿಲ್ಲ.

ಅವನಿಗೆ ಬೇಕಾದದ್ದು ನಾನಲ್ಲ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಸೈಕಲ್ ಫ್ರೇಮು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಬರೀ ಕೆಂಪು ಅಲ್ಯೂಮಿನಿಯಂ ಮೂಳೆಗಳು. ಸ್ವಲ್ಪ ಹೊತ್ತಿನ ಮುಂಚೆ ಅವನ ಕೊಟ್ಟಿಗೆಯ ಅಟ್ಟದಿಂದ ಇಳಿಸಿಕೊಂಡು ಬಂದಿದ್ದೆ. ಊರೆಲ್ಲ ಊಟಕ್ಕೆ ಕೂತ ಹೊತ್ತು ನೋಡಿಯೇ ಹೋಗಿದ್ದೆ. ಬಿಸಿ ಪೊಲೆಂಟಾ ಮುದ್ದೆ ಬಿಟ್ಟು ನಮ್ಮ ಕಣಿವೆಯವರು ಯಾರೂ ಏಳುವುದಿಲ್ಲ.

ಓಲಿಂದೊ ಎದ್ದಿದ್ದ.

ಹೌದು, ಕದ್ದೆ! ಕಳವಾದ ಹಳೆಯ ಸೈಕಲ್ ಹುಡುಕಿಕೊಡುವುದು ನನ್ನ ಕಸುಬು. ಈ ಕಸುಬಿನಲ್ಲಿ ವಾಪಸ್ ತರುವುದಕ್ಕೂ ಕದಿಯುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇರ್ಮಾ ದಾಲ್ ಪೊತ್ಸೊ ಅನ್ನುವ ನನ್ನ ಹೆಸರು ಬಸ್ಸಾನೊ ಪೇಟೆಯ ಸುತ್ತಮುತ್ತ ಎಲ್ಲರಿಗೂ ಗೊತ್ತು. ಅರ್ಧ ಜನ ಟೋಪಿ ತೆಗೆಯುತ್ತಾರೆ, ಅರ್ಧ ಜನ ಬೆನ್ನ ಹಿಂದೆ ಉಗಿಯುತ್ತಾರೆ.

ಮತ್ತೆ ಗುದ್ದಿದ. ಡಿಕ್ಕಿಯ ಮುಚ್ಚಳ ತೆರೆದುಕೊಂಡಿತು.

ಮುಂದಿನ ತಿರುವಿನಲ್ಲಿ ಕುರಿಮಂದೆ! ರಸ್ತೆ ತುಂಬ ಉಣ್ಣೆ. ಬ್ರೇಕ್ ಒತ್ತಲಿಲ್ಲ, ಹಾರ್ನ್ ಒತ್ತಿದೆ. ಬಂಡೆಗೆ ಕಾರನ್ನು ಉಜ್ಜಿಕೊಂಡು ನುಸುಳಿದೆ. ಕುರುಬ ನನ್ನ ವಂಶವನ್ನೆಲ್ಲ ಜಾಲಾಡಿದ. ನನ್ನ ಹಿಂದೆ ಮಂದೆ ಕೂಡಿಕೊಂಡಿತು. ಓಲಿಂದೊನ ಲಾರಿ ಅದರ ನಡುವೆ ಸಿಕ್ಕಿಬಿತ್ತು.

ಉಸಿರು ಬಿಟ್ಟೆ. ಹಿಂದಿನ ಸೀಟಿನಿಂದ ಟಕ್ ಎಂದು ಒಂದು ಸದ್ದು ಬಂತು. ಲೋಹ ಬಿಸಿಲಿಗೆ ಕಾದದ್ದು, ಅಷ್ಟೆ. ಆದರೂ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಆ ಫ್ರೇಮು ಇವೊ ತ್ಸಾನ್ಕೆತ್ತಾನದು. ಮೂವತ್ತು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ, ರೇಸಿನ ನಡುವೆ ಬಿದ್ದು ಸತ್ತವನು. ಫ್ರೇಮಿನಲ್ಲಿ ಹ್ಯಾಂಡಲ್ಲಿನ ಕತ್ತಿನ ಕೆಳಗಿನ ಕೊಳವೆ ಅರ್ಧಕ್ಕೆ ಬಿರಿದಿತ್ತು. ಬಿದ್ದದ್ದರಿಂದ ಬಿರಿಯಿತೋ, ಬಿರಿದಿದ್ದರಿಂದ ಬಿದ್ದನೋ... ಯಾರಿಗೂ ಗೊತ್ತಿರಲಿಲ್ಲ. ಊರು ಮಾತ್ರ ತಪ್ಪನ್ನು ತಂಡದ ಮೆಕ್ಯಾನಿಕ್ ಓಲಿಂದೊನ ತಲೆಗೇ ಕಟ್ಟಿತು. ಆಮೇಲೆ ಅವನ ಕೈಗೆ ಒಂದು ಪಂಕ್ಚರಿನ ಕೆಲಸವನ್ನೂ ಯಾರೂ ಕೊಡಲಿಲ್ಲ. ಅವನೂ ಬಾಯಿ ಬಿಡಲಿಲ್ಲ, ಮುರಿದ ಫ್ರೇಮನ್ನು ಅಟ್ಟಕ್ಕೇರಿಸಿ ಕೂತ.

ನನ್ನನ್ನು ಕರೆಸಿದ್ದು ಇವೊನ ಹೆಂಡತಿ ನೋಯೆಮಿ. ಇವೊ ಬರುತ್ತಾನಂತೆ. ದಿನಾ ಮುಂಜಾನೆ ಅಡುಗೆಮನೆಯಲ್ಲಿ ನಿಲ್ಲುತ್ತಾನಂತೆ, ಮಾತಿಲ್ಲ ಕತೆಯಿಲ್ಲ. ಫ್ರೇಮು ಬೆಸೆಸಿ ಕಣಿವೆ ಮೇಲಿನ ಚಾಪೆಲ್‌ನಲ್ಲಿ ತೂಗುಹಾಕಿಸಬೇಕು ಅಂದಳು. ಸತ್ತ ಸವಾರರ ಸೈಕಲ್ಲುಗಳು ಅಲ್ಲಿ ಸಾಲಾಗಿ ತೂಗುತ್ತವೆ. ಆದರೆ ಮುಕ್ಕಾದದ್ದನ್ನು ದೇವರಿಗೆ ಒಪ್ಪಿಸುವ ಪದ್ಧತಿ ನಮ್ಮಲ್ಲಿಲ್ಲ.

“ಬೆಸುಗೆಗೆ ಮುಂಚೆ ಒಳಗೆ ನೋಡಿಸು, ಇರ್ಮಾ,” ಅಂದಿದ್ದಳು. “ಬಿರುಕು ಮೊದಲೇ ಇತ್ತಾ ಅಂತ. ಯಾರಿಂದ ಸತ್ತ ಅಂತ ಗೊತ್ತಾದ್ರೆ ಅವನೂ ಹೋಗ್ತಾನೆ, ನನಗೂ ನಿದ್ದೆ ಬರುತ್ತೆ.”

ಅವಳ ಕಣ್ಣು ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಬಸ್ಸಾನೊದಲ್ಲಿ ಅಲ್ಯೂಮಿನಿಯಂ ಬೆಸೆಯುವವಳು ಲೊರೆತ್ತಾ ಒಬ್ಬಳೇ, ನೇರ ಅವಳಲ್ಲಿಗೆ ಹೋದೆ. ಹಾಲಿನ ಡೇರಿಯ ಟ್ಯಾಂಕಿನಿಂದ ಹಿಡಿದು ದೋಣಿಯವರೆಗೆ ಏನಾದರೂ ಸರಿ. ಫ್ರೇಮನ್ನು ಮೇಜಿನ ಮೇಲೆ ಮಲಗಿಸಿ, ಬಿರುಕಿನ ಕೊಳೆ ತೆಗೆಯಲು ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿದಳು.

ಹತ್ತಿ ಕೆಂಪಾಯಿತು.

ಇನ್ನೊಂದು ಸಲ ಒರೆಸಿದಳು. ಮತ್ತೂ ಕೆಂಪು. ಅವಳ ಕೈ ನಿಂತಿತು. ಫ್ರೇಮಿನ ಕೆಂಪು ಲೋಹದೊಳಗೇ ಇಳಿಸಿದ್ದು, ಅಸಿಟೋನಿಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ ಅಂದಳು.

“ಇದು ನೇಲ್ ಪಾಲಿಶ್, ಇರ್ಮಾ. ಬಿರುಕಿನ ಒಳಗೆ ಇಳಿದು ಒಣಗಿದೆ. ಅಂದ್ರೆ ಮೊದಲು ಬಿರುಕು, ಆಮೇಲೆ ಬಣ್ಣ, ಅವನು ಬಿದ್ದಿದ್ದು ಕೊನೆಗೆ.”

“ಅದರ ಮೇಲಿಂದ ಕೈ ತೆಗಿ.”

ಇದು ಲೊರೆತ್ತಾಳ ದನಿಯಲ್ಲ. ಬಾಗಿಲಲ್ಲಿ ಓಲಿಂದೊ. ಕೈಯಲ್ಲಿ ಹಂದಿ ಹೊಡೆಯುವ ಕೋವಿ! ಪ್ಯಾಂಟಿನ ತುಂಬ ಕುರಿಯ ಉಣ್ಣೆ.

ಕೋವಿ ಕಂಡರೆ ನನಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ. ಬಿರುಕು ಕಂಡಿದ್ದೂ ಬಣ್ಣ ಮೆತ್ತಿ ಮುಚ್ಚಿದವನು ನೀನೇ, ಇವೊನ ಹೆಂಡತಿಯನ್ನು ವಿಧವೆ ಮಾಡಿ ಹಾಯಾಗಿ ಹಸು ಸಾಕುತ್ತಿದ್ದೀ ಎಂದು ಮುಖದ ಮೇಲೇ ಅಂದೆ.

ಅವನು ನಗಲಿಲ್ಲ, ಬೈಯಲಿಲ್ಲ. ಕೈ ಮುಂದೆ ಚಾಚಿದ.

“ನನ್ನ ಉಗುರು ನೋಡು ತಾಯಿ. ಇದಕ್ಕೆ ಬಣ್ಣ ಹಚ್ತಾರಾ?”

ಕರ್ರಗಿನ ಉಗುರುಗಳು. ನನಗೆ ಆಗ ಹೊಳೆಯಿತು.

ಅವನು ನಿಂತಲ್ಲೇ ಹೇಳಿದ. ರೇಸಿನ ಹಿಂದಿನ ಸಂಜೆ ಪೆಟ್ರೋಲ್ ಬಟ್ಟೆಯಿಂದ ಪ್ರತಿ ಕೊಳವೆ ಒರೆಸುವುದು ಮೆಕ್ಯಾನಿಕ್ಕಿನ ರೂಢಿ. ಕೂದಲಷ್ಟು ಬಿರುಕಿದ್ದರೂ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಆ ಸಂಜೆ ಸಿಕ್ಕಿಕೊಳ್ಳಲಿಲ್ಲ, ನುಣ್ಣಗೆ ಜಾರಿತು. ಮರುದಿನ ಹೆಣದ ಪಕ್ಕ ಕೂತು ಅಲ್ಲಿ ಬೆರಳಾಡಿಸಿದಾಗ ಅಂಚಿನಲ್ಲಿ ಮೆತ್ತಿದ್ದ ಬಣ್ಣ ಕಂಡಿತು. ಅದೇ ಕೆಂಪನ್ನು ಹಿಂದಿನ ರಾತ್ರಿಯ ಊಟದಲ್ಲಿ ನೋಡಿದ್ದ. ವೈನ್ ಬಗ್ಗಿಸುತ್ತಿದ್ದ ನೋಯೆಮಿಯ ಬೆರಳುಗಳಲ್ಲಿ.

“ಗೀರು ಅಂದ್ಕೊಂಡಳು ಪಾಪ. ಗಂಡನ ಸೈಕಲ್ ಮದುಮಗನ ಹಾಗೆ ಕಾಣ್ಲಿ ಅಂತ ಹಚ್ಚಿದಾಳೆ.”

ಕೆರೆದು ತೆಗೆಯಬಹುದಿತ್ತಲ್ಲ ಅಂದೆ.

“ಬ್ಲೇಡ್ ಹಿಡ್ಕೊಂಡು ಎಷ್ಟೋ ಸಲ ಅಟ್ಟ ಹತ್ತಿದೀನಿ. ಕೈ ಬರಲಿಲ್ಲ. ಪ್ರೀತಿಯಿಂದ ಹಚ್ಚಿದ್ದು ಅದು.” ಕೋವಿ ನೆಲಕ್ಕೆ ಬಾಗಿತು. “ಅವಳು ಕೇಳಿದ್ರೆ ಓಲಿಂದೊನೇ ಅನ್ನು. ಊರು ಹೇಗೂ ಅಂದಾಗಿದೆ.”

ಲೊರೆತ್ತಾ ಗ್ರೈಂಡರ್ ಕೈಗೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬೆಸೆಯಬೇಕಾದರೆ ಬಿರುಕನ್ನು ಉಜ್ಜಿ ಅಗಲ ಮಾಡಬೇಕು. ಉಜ್ಜಿದರೆ ಒಳಗಿನ ಬಣ್ಣದ ಗುರುತೂ ಉಳಿಯುವುದಿಲ್ಲ. ನನಗೆ ಕೆಟ್ಟ ಕೋಪ ಬಂತು. ಆ ಮುದುಕನ ಮೇಲೆ, ಆ ಪ್ರೀತಿಯ ಮೇಲೆ, ಈ ಹಾಳು ಕಸುಬಿನ ಮೇಲೆ. ನಿಜ ಹೇಳಿದರೆ ಒಬ್ಬ ಬದುಕುತ್ತಾನೆ, ಒಬ್ಬಳು ಸಾಯುತ್ತಾಳೆ. ಬದುಕಬೇಕಾದವನೇ ಬೇಡ ಅನ್ನುತ್ತಿದ್ದಾನೆ!

“ಉಜ್ಜು,” ಅಂದೆ.

ಬಿರುಕಿನ ತುದಿಗೆ ಸಣ್ಣ ತೂತು ಕೊರೆದಳು, ಮುಂದೆ ಹರಿಯದಿರಲಿ ಅಂತ. ಉಜ್ಜಿದಳು. ಕಾವಿನ ಅಳತೆ ತಿಳಿಯಲು ಸೋಪು ಸವರಿ ಬೆಂಕಿ ಹಿಡಿದಳು, ಸೋಪು ಕಂದುವವರೆಗೆ ಕಾದಳು. ಅಲ್ಯೂಮಿನಿಯಂ ಎಷ್ಟು ಕಾದರೂ ಕೆಂಪಾಗುವುದಿಲ್ಲ. ಹೇಳದೆ ಕೇಳದೆ ಕುಸಿದುಬಿಡುತ್ತದೆ. ಆಮೇಲೆ ಆ ನೀಲಿ ಬೆಳಕು. ಓಲಿಂದೊ ಗೋಡೆಯ ಕಡೆ ತಿರುಗಿ ನಿಂತಿದ್ದ. ಬೆಳಕಿನಲ್ಲಿ ಗೋಡೆಯ ಮೇಲೆ ನಮ್ಮ ಮೂವರ ನೆರಳು ಬಿದ್ದಿತ್ತು. ನಾಲ್ಕನೆಯದೂ ಒಂದಿತ್ತು ಅಂದರೆ ನೀವು ನಂಬುವುದಿಲ್ಲ. ಬಿಡಿ.

ಭಾನುವಾರ ಚಾಪೆಲ್ ಅಂಗಳದಲ್ಲಿ ನೋಯೆಮಿ ಕಾದಿದ್ದಳು. ಬೇಡ ಅಂದರೂ ಓಲಿಂದೊ ನನ್ನ ಜೊತೆ ಬಂದು ದೂರ ನಿಂತಿದ್ದ. ಅವಳು ಬೆಸುಗೆಯ ಮೇಲೆ ಬೆರಳಾಡಿಸಿದಳು. ತುಂಬ ಹೊತ್ತು.

“ಒಳಗೆ ಕೆಂಪು ಇತ್ತಾ?”

ಇವಳಿಗೆ ಗೊತ್ತು! ಇಷ್ಟು ವರ್ಷವೂ ಇದೊಂದೇ ಪ್ರಶ್ನೆ ಇವಳನ್ನು ತಿಂದಿದೆ!

“ಆವತ್ತು ಒಂದು ಗೀರಿಗೆ ಬಣ್ಣ ಹಚ್ಚಿದ್ದೆ,” ಅಂದಳು. “ಯಾರಿಗೂ ಹೇಳಿಲ್ಲ. ಅದು ಗೀರೇ ತಾನೆ, ಇರ್ಮಾ?”

“ಗೀರೇ,” ಅಂದೆ. “ಬಿರುಕಲ್ಲಿ ಬರೀ ಮಸಿ ಇತ್ತು. ಓಲಿಂದೊ ನೋಡಬೇಕಿತ್ತು, ನೋಡಲಿಲ್ಲ.”

ಅವಳ ಭುಜ ಇಳಿಯಿತು. ನೆಟ್ಟಗೆ ಓಲಿಂದೊನ ಮುಂದೆ ಹೋಗಿ ನಿಂತಳು. ಅವನ ಕೈ ಸೇದಿಹೋಗಲಿ ಅಂದಳು, ಅವನ ಹಸುಗಳು ಬತ್ತಿಹೋಗಲಿ ಅಂದಳು, ಅವನ ಹೆತ್ತಮ್ಮನನ್ನೂ ಬಿಡಲಿಲ್ಲ. ಅವನು ಟೋಪಿ ಕೈಯಲ್ಲಿ ಹಿಡಿದು ಅಷ್ಟನ್ನೂ ಪ್ರಸಾದದ ಹಾಗೆ ತೆಗೆದುಕೊಂಡ. ಬೈದು ಬೈದು ಅತ್ತಳು. ಅತ್ತು ಹಗುರಾಗಿ, ಫ್ರೇಮನ್ನು ಹೆಗಲಿಗೇರಿಸಿ ಒಳಗೆ ಹೋದಳು.

ಓಲಿಂದೊ ಚುಟ್ಟಾ ಹಚ್ಚಿಕೊಂಡ.

“ಇವೊ ನಮ್ಮನೆಗೂ ಬರ್ತಿದ್ದ,” ಅಂದ. “ಈಗ ಗುಟ್ಟು ಹೊತ್ತವಳು ನೀನು, ಇನ್ನು ನಿಮ್ಮನೆಗೆ ಬರ್ತಾನೆ, ನೋಡ್ತಿರು.”

ನಾನು ನಕ್ಕುಬಿಟ್ಟೆ.

ಆ ವಾರವೇ ಇವೊ ಬಂದ. ಇನ್ನೇನು ಮಾಡಲಿ... ಇಬ್ಬರಿಗೂ ಕಾಫಿ ಇಟ್ಟೆ.