ಬೊಮ್ಮಣ್ಣನ ಕೂಗು

ದೊಡ್ಡೆತ್ತು ಕಂದಕದಲ್ಲಿ ಬಿದ್ದಿತ್ತು. ಕುತ್ತಿಗೆ ಮುರಿದಿತ್ತು. ಬೆಳಕು ಹರಿಯುವಾಗ ಅದನ್ನು ಮೊದಲು ಕಂಡವನು ಕಿಲಾರಿ ಈರೇಶ. ಏಳು ಗಂಟೆಯ ಹೊತ್ತಿಗೆ ನನ್ನಿವಾಳದ ಅರ್ಧ ಊರು ಕಂದಕದ ದಂಡೆಯಲ್ಲಿ ನಿಂತಿತ್ತು.

ಅದು ದೇವರ ಎತ್ತು. ನೊಗ ಹೊತ್ತದ್ದಲ್ಲ, ಮಾರುವಂಥದ್ದೂ ಅಲ್ಲ. ಅಂಥ ಎತ್ತುಗಳನ್ನು ಕಾಯುವವನೇ ಕಿಲಾರಿ. ಈರೇಶನ ಅಪ್ಪ ಬೊಮ್ಮಣ್ಣ ನಲವತ್ತು ವರ್ಷ ಕಾದಿದ್ದ. ಅವನು ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಕೋಲು ಮಗನ ಕೈಯಲ್ಲಿತ್ತು.

ಚಳ್ಳಕೆರೆಯಿಂದ ಎಸ್‌ಐ ವನಜಾಕ್ಷಿ ಬಂದಳು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಯತ್ತಪ್ಪ. ಕಂದಕದ ಆಚೆ ರಸ್ತೆ. ರಸ್ತೆಬದಿಯ ಮಣ್ಣಿನಲ್ಲಿ ಸ್ಕೂಟರ್ ನಿಂತ ಗುರುತು. ಊರಿಗೆ ಅಷ್ಟೇ ಸಾಕಾಗಿತ್ತು.

"ಮಾರಾಕೆ ಹೊಂಟವ್ನೆ," ಅಂದರು ಹಿರಿಯರೊಬ್ಬರು. "ಕೊಳ್ಳೋನು ಬಂದು ಆಚೆ ನಿಂತವ್ನೆ. ಎತ್ತು ದಾಟಿಸಾಕೆ ಹೋಗಿ ಹಿಂಗಾಗೈತೆ. ಅಲ್ಲ ಅನ್ನೋದಾದ್ರೆ ಸೋಮವಾರದೊಳಗೆ ತೋರಿಸ್ಲಿ. ಇಲ್ಲಾಂದ್ರೆ ತಾಯಿ ಮಗ ಇಬ್ರೂ ರೊಪ್ಪ ಬಿಟ್ಟು ನಡೀಲಿ."

ರೊಪ್ಪವೆಂದರೆ ಮುಳ್ಳುಬೇಲಿಯ ದನದ ಆವರಣ. ಅದರ ಪಕ್ಕದ ಗುಡಿಸಲೇ ಅವರ ಮನೆ. ಈರೇಶ ತುಟಿ ಬಿಚ್ಚಲಿಲ್ಲ. ಸುಮ್ಮನಿದ್ದವನನ್ನು ಕಂಡರೆ ಊರಿಗೆ ಅನುಮಾನ ಜಾಸ್ತಿ.

ಆಚೆ ದಂಡೆಯ ಜಾಲಿಗಿಡದ ಬುಡದಲ್ಲಿ ಯತ್ತಪ್ಪನಿಗೆ ಏನೋ ಸಿಕ್ಕಿತು. ಆಫೀಸಿನ ಮೇಜಿನ ಮೇಲೆ ಇಡುವ ಪೆನ್ ಸ್ಟ್ಯಾಂಡು. ಎದುರಿಗೆ ಗಡಿಯಾರ, ಬುಡದಲ್ಲಿ ನೀಲಿ ದೀಪ, ಹೊಟ್ಟೆಯೊಳಗೆ ಮೊಬೈಲಿನ ಹಾಡು ನುಡಿಸುವ ಸ್ಪೀಕರು.

"ದನ ಕಾಯೋ ಬಯಲಾಗೆ ಇದ್ಯಾವ ಆಫೀಸು ಮೇಡಂ?" ಅಂದ ಯತ್ತಪ್ಪ.

ವನಜಾಕ್ಷಿಗೆ ನಗು ಬರಲಿಲ್ಲ. ಅಂಥದ್ದೇ ಒಂದು ಅವಳ ಮೇಜಿನ ಮೇಲೂ ಇತ್ತು. ಹೊಸ ವರ್ಷಕ್ಕೆ ಶೇಂಗಾ ಎಣ್ಣೆ ಮಿಲ್ಲಿನವರೊಬ್ಬರು ಚಳ್ಳಕೆರೆಯಲ್ಲೆಲ್ಲ ಹಂಚಿದ್ದರು.

* * *

ಬೊಮ್ಮಣ್ಣನ ಹೆಂಡತಿ ಲಕ್ಷ್ಮಕ್ಕ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು.

"ಏನಾದ್ರೂ ಸದ್ದು ಕೇಳಿಸ್ತಾ ಅಮ್ಮ?"

"ನಮ್ಮನೆಯವ್ರು ಕೂಗಿದ್ರು."

ಸುತ್ತ ನಿಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ತನ್ನ ತಲೆಯತ್ತ ಬೆರಳು ತಿರುಗಿಸಿದಳು. ವನಜಾಕ್ಷಿ ಅವರನ್ನೆಲ್ಲ ಆಚೆ ಕಳಿಸಿ ನೆಲದ ಮೇಲೆ ಕೂತಳು. ತಲೆಕೆಟ್ಟ ಮಾತು ಅಂತ ಬಿಟ್ಟಿದ್ದರೆ ಕೆಲಸ ಸಲೀಸಾಗುತ್ತಿತ್ತು. ಸಲೀಸಾದ ಕೆಲಸದ ಮೇಲೆ ಅವಳಿಗೆ ಯಾವತ್ತೂ ನಂಬಿಕೆ ಕಡಿಮೆ.

"ಹೆಂಗೆ ಕೂಗಿದ್ರು?"

"ಮೊದ್ಲು ಯಾರೋ ಅವ್ರಂಗೆ ಕೂಗಿದ್ರು, ಕೆಮ್ಮಲಿಲ್ಲ. ನಾನು ಏಳ್ಲಿಲ್ಲ. ಆಮ್ಯಾಲೆ ಅವ್ರೇ ಕೂಗಿದ್ರು. ಎರಡು ಸಲ ಹೋ ಅಂದು, ಕೆಮ್ಮಿ, ಆಮ್ಯಾಲೆ ಬಾರಪ್ಪ ಅಂದ್ರು."

"ಒಂದೇ ಸಲಾನಾ?"

"ಮೂರು ಸಲ. ಮೂರು ಸಲಾನೂ ಅಲ್ಲೇ ಕೆಮ್ಮಿದ್ರು."

ವನಜಾಕ್ಷಿ ಬರೆದುಕೊಂಡಳು. ಜೀಪಿನ ಹತ್ತಿರ ಯತ್ತಪ್ಪ ಗೊಣಗಿದ, "ಸತ್ತೋನ ಕೂಗು ಯಾವ ಕಲಮಿಗೆ ಬರ್ತೈತೆ ಮೇಡಂ?"

"ಜೀವ ಇರೋನು ಮೂರು ಸಲಾನೂ ಒಂದೇ ಜಾಗದಲ್ಲಿ ಕೆಮ್ಮಲ್ಲ ಯತ್ತಪ್ಪ. ಅದು ರೆಕಾರ್ಡು. ಅವರಪ್ಪನ ಕೂಗನ್ನ ಯಾರು ರೆಕಾರ್ಡು ಮಾಡಿದ್ರು ಅಂತ ಈರೇಶನ್ನ ಕೇಳಿ."

ಈರೇಶ ಹೇಳಿದ. ಹದಿನೈದು ವರ್ಷದ ಹಿಂದೆ, ಕ್ಯಾಸೆಟ್ಟಿನ ಕಾಲ ಮುಗಿಯುತ್ತಿದ್ದಾಗ, ಚಳ್ಳಕೆರೆಯ ಕ್ಯಾಸೆಟ್ ಅಂಗಡಿಯ ಮುರುಗೇಂದ್ರಪ್ಪ ಅಪ್ಪನ ದನ ಕರೆಯುವ ಹಾಡುಗಳನ್ನು ಟೇಪಿನಲ್ಲಿ ಹಿಡಿದಿದ್ದರು. ಆಗ ದೊಡ್ಡೆತ್ತು ಇನ್ನೂ ಕರು. ಕ್ಯಾಸೆಟ್ಟು ಹೋಯಿತು, ಸಿ.ಡಿ. ಹೋಯಿತು. ಈಗ ಮೊಳಕಾಲ್ಮೂರಿನ ಮಾರುತೇಶ್ ಅನ್ನುವವನು ಅದೇ ಹಾಡನ್ನು ಮೊಬೈಲಿನಲ್ಲಿ ಮಾರಾಟಕ್ಕೆ ಬಿಟ್ಟಿದ್ದ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಹಾಗೆ ನೋಡಿದರೆ ಫೋನಿದ್ದವರ ಮೇಲೆಲ್ಲ ಅನುಮಾನಪಡಬೇಕು.

* * *

ಮಿಲ್ಲಿನವರು ಹಂಚಿದ್ದು ನಲವತ್ತು. ಯತ್ತಪ್ಪ ಎರಡು ದಿನ ಊರಿನ ಮೇಜುಗಳನ್ನೆಲ್ಲ ತಿರುಗಿ ಬಂದ.

"ನಲವತ್ತೂ ಅವೆ ಮೇಡಂ. ಅರ್ಧ ಜನ ಡಬ್ಬಿನೇ ಬಿಚ್ಚಿಲ್ಲ. ಮಂಡಿಯಾಗೆ ಒಬ್ರು ಊದುಬತ್ತಿ ಚುಚ್ಚವ್ರೆ."

"ಹಾಗಾದ್ರೆ ನಮಗೆ ಸಿಕ್ಕಿದ್ದು ನಲವತ್ತೊಂದನೇದು. ಮಿಲ್ಲಿನವರು ಎಲ್ಲಿ ಕೊಂಡಿದ್ದು?"

ಯತ್ತಪ್ಪ ತಲೆ ಕೆರೆದುಕೊಂಡ. "ಅದೊಂದು ಕೇಳ್ಲಿಲ್ಲ."

"ಈಗ ಕೇಳಿ. ನಾನು ಮೊಳಕಾಲ್ಮೂರಿಗೆ ಹೋಗಿ ಬರ್ತೀನಿ."

* * *

ಮಾರುತೇಶನದು ಬಸ್ ನಿಲ್ದಾಣದ ಹಿಂದೆ ಮೊಬೈಲ್ ಅಂಗಡಿ. ಒಳಗಿನ ಕೋಣೆಯೇ ಸ್ಟುಡಿಯೋ. ಪೊಲೀಸರನ್ನು ಕಂಡು ಅವನ ಬಾಯಲ್ಲಿ ತೆಲುಗು ಹೊರಟಿತು.

"ನಾಕೇಮೀ ತೆಲೀದು ಮೇಡಂ. ನಂಗೇನೂ ಗೊತ್ತಿಲ್ಲ."

"ಹಾಡು ಹಾಕಪ್ಪ ಮೊದ್ಲು."

ಕೀಬೋರ್ಡು, ತಬಲಾ, ಅವುಗಳ ಮಧ್ಯೆ ಬೊಮ್ಮಣ್ಣನ ದನಿ. ಹೋ ಅಂದಿತು, ಮತ್ತೆ ಹೋ ಅಂದಿತು, ನೇರ ಬಾರಪ್ಪಕ್ಕೆ ಹೋಯಿತು. ವನಜಾಕ್ಷಿ ಮೂರು ಸಲ ಕೇಳಿದಳು.

"ಕೆಮ್ಮು ಎಲ್ಲಿ?"

"ಅದಾ? ಕಟ್ ಮಾಡ್ದೆ. ದುಡ್ಡು ಕೊಟ್ಟು ಕೇಳೋರಿಗೆ ಕೆಮ್ಮು ಯಾಕೆ ಮೇಡಂ?"

"ಕೆಮ್ಮಿರೋದು ನಿನ್ನ ಹತ್ರ ಐತಾ?"

"ಇಲ್ಲ. ಟೇಪು ಮುರುಗೇಂದ್ರಪ್ಪನೋರಿಗೆ ವಾಪಸ್ ಕೊಟ್ಟೆ, ಕಾಪಿ ಅಳಿಸಿದೆ. ಬೇಕಾದ್ರೆ ನೋಡ್ಕೊಳ್ರಿ."

ನೋಡಿದಳು. ಇರಲಿಲ್ಲ. ಅಷ್ಟರಲ್ಲಿ ಯತ್ತಪ್ಪನ ಫೋನು ಬಂತು. ಮಿಲ್ಲಿನವರು ಪೆನ್ ಸ್ಟ್ಯಾಂಡು ಕೊಂಡ ಅಂಗಡಿಯ ಹೆಸರು ಹೇಳಿದ. ವನಜಾಕ್ಷಿಗೆ ಆ ಹೆಸರು ಬಾರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

* * *

ಮುರುಗೇಂದ್ರಪ್ಪನ ಅಂಗಡಿಯ ಹಲಗೆಗಳು ಕ್ಯಾಸೆಟ್ಟಿನ ಅಗಲಕ್ಕೇ ಮಾಡಿಸಿದವು. ಈಗ ಅಲ್ಲಿ ಚಹಾ ಬೆಚ್ಚಗಿಡುವ ತಟ್ಟೆ, ಬೆರಳುದ್ದದ ಫ್ಯಾನು, ತಲೆ ಕುಣಿಸುವ ಗೊಂಬೆ ಒತ್ತೊತ್ತಾಗಿ ಕೂತಿದ್ದವು. ಅರವತ್ತು ದಾಟಿದ ಮನುಷ್ಯ ಒಂದು ಗೊಂಬೆಯ ಧೂಳು ಒರೆಸುತ್ತಿದ್ದ.

ವನಜಾಕ್ಷಿ ಪೆನ್ ಸ್ಟ್ಯಾಂಡನ್ನು ಗಲ್ಲೆಯ ಮೇಲಿಟ್ಟಳು.

"ಮುರುಗೇಂದ್ರಪ್ಪನೋರೆ, ನಿಮ್ಮಲ್ಲಿಂದ ಮಿಲ್ಲಿಗೆ ಹೋದ ನಲವತ್ತೂ ಇವೆ. ಇದು ನಿಮ್ಮ ಹಲಗೆ ಮೇಲಿನದು. ಆದ್ರೆ ಅದೊಂದರಿಂದಲೇ ಬಂದಿಲ್ಲ ನಾನು. ಲಕ್ಷ್ಮಕ್ಕನಿಗೆ ಮೊದಲು ಕೇಳಿಸಿದ್ದು ಕೆಮ್ಮಿಲ್ಲದ ಕೂಗು. ಅದು ಮಾರುತೇಶ್ ಮಾರೋದು, ಯಾರ ಹತ್ರ ಬೇಕಾದ್ರೂ ಇರುತ್ತೆ. ಆಮೇಲೆ ಕೇಳಿಸಿದ್ದರಲ್ಲಿ ಕೆಮ್ಮಿತ್ತು. ಅದು ಮೂಲ ಟೇಪಿನದು. ಹಳೇ ಕ್ಯಾಸೆಟ್ ಇನ್ನೂ ಯಾರ ಮನೇಲಾದ್ರೂ ಇರಬಹುದು. ಟೇಪು, ಮೊಬೈಲಿನ ಹಾಡು, ಈ ಸ್ಟ್ಯಾಂಡು, ಮೂರೂ ಒಟ್ಟಿಗೆ ಇರೋದು ಒಂದೇ ಕಡೆ."

ಮುರುಗೇಂದ್ರಪ್ಪ ಕುರ್ಚಿ ಹಿಡಿದು ಕೂತ.

"ಹಾಡನ್ನ ಈಗ ಬರೀ ಕೇಳಲ್ವಂತೆ, ನೋಡ್ತಾರಂತೆ. ಮಾರುತೇಶ ಹಂಗಂದ. ವಿಡಿಯೋ ಬೇಕು ಅಂದ. ಬೊಮ್ಮಣ್ಣನ ಹಾಡಿಗೆ ಅವನ ಎತ್ತು ಓಡಿಬರೋದು ಇದ್ರೆ ನಾಕು ಜನಾನಾದ್ರೂ ನೋಡ್ತಾರೆ ಅನ್ನಿಸ್ತು. ಅಷ್ಟು ಚೆಂದದ ದನಿ ಮೇಡಂ, ವರ್ಷಕ್ಕೆ ಹನ್ನೊಂದು ಜನ ಕೇಳಿದ್ರು." ಅವನು ಕೈಯಲ್ಲಿದ್ದ ಗೊಂಬೆಯನ್ನು ಪಕ್ಕಕ್ಕಿಟ್ಟ. "ಬೆಳಕಾಗೋ ಹೊತ್ತಿಗೆ ಈ ಸ್ಟ್ಯಾಂಡು ಆಚೆ ದಂಡೇಲಿಟ್ಟು ಮೊದ್ಲು ಮಾರುತೇಶಂದು ಹಾಕಿದೆ. ಎತ್ತು ತಲೆ ಎತ್ತಲಿಲ್ಲ. ಆಮೇಲೆ ನಂದು ಹಾಕಿದೆ. ದಂಡೆಗೆ ಬಂದು ನಿಲ್ತೈತೆ ಅಂದ್ಕೊಂಡೆ. ನಿಲ್ಲಲೇ ಇಲ್ಲ."

"ಕೊಲ್ಲೋಕೆ ಹೋಗಿರಲಿಲ್ಲ ಅಂತ ನಂಬ್ತೀನಿ. ಆದ್ರೆ ಮೂರು ದಿನ ಅಪವಾದ ಈರೇಶನ ಮೇಲೆ ಹೋಗೋಕೆ ಬಿಟ್ರಿ."

"ಹೇಳಾಕಂತ ಎರಡು ಸಲ ಸ್ಕೂಟರ್ ಹತ್ತಿದೆ. ಲಕ್ಷ್ಮಕ್ಕನ ಮುಖ ನೆನಪಾಗಿ ಇಳಿದೆ." ಅವನು ಫೋನು ಗಲ್ಲೆಯ ಮೇಲಿಟ್ಟ. "ಇದ್ರಾಗೆ ಎಲ್ಲಾ ಐತೆ. ಬಿದ್ದಿದ್ದೂ ಐತೆ."

ಯತ್ತಪ್ಪ ಹೇಳಿಕೆ ಬರೆದುಕೊಂಡ.

* * *

ಸೋಮವಾರ ಬೆಳಿಗ್ಗೆ ರೊಪ್ಪದ ಮುಂದೆ ಹಿರಿಯರು ಸೇರಿದರು. ವನಜಾಕ್ಷಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಈರೇಶ ಎತ್ತು ಮಾರಲಿಲ್ಲ, ಕಾವಲು ಬಿಟ್ಟು ಮಲಗಿಯೂ ಇರಲಿಲ್ಲ. ಅವನು ಆಗ ನೀರು ತರಲು ಹೋಗಿದ್ದ. ಸೋಮವಾರದ ಮಾತಾಡಿದ್ದ ಹಿರಿಯರೇ ಅವನಿಂದ ಇಸಿದುಕೊಂಡಿದ್ದ ಕೋಲು ತಂದು ಅವನ ಕೈಗಿಟ್ಟು, ತಪ್ಪಾಯ್ತಪ್ಪ ಅಂದರು.

ಈರೇಶ ಕೋಲನ್ನು ನೋಡುತ್ತ ನಿಂತ. ಅವನ ಮುಖದಲ್ಲಿ ಗೆಲುವು ಇರಲಿಲ್ಲ.

"ಎರಡು ವರ್ಷ ಕೂಗಿದೀನಿ ಮೇಡಂ. ಅಪ್ಪ ಕೂಗ್ದಂಗೇ ಕೂಗಿದೀನಿ. ಒಂದಿನಾನೂ ಓಡಿ ಬರ್ಲಿಲ್ಲ. ಆ ಡಬ್ಬಿ ಕೂಗಿದ್ದಕ್ಕೆ ಪ್ರಾಣ ಬಿಟ್ಟು ಓಡೈತೆ. ಊರೋರು ನನ್ನ ಕಳ್ಳ ಅಂದಾಗ ಇಷ್ಟು ನೋವಾಗ್ಲಿಲ್ಲ."

ವನಜಾಕ್ಷಿಗೆ ದುಃಖ ಉಕ್ಕಿ ಬಂತು. ಅಪರಾಧಿ ಸಿಕ್ಕರೆ ಯಾರಿಗಾದರೂ ಒಳ್ಳೆಯದಾಗುತ್ತದೆ ಅಂತ ಅವಳು ನಂಬಿದ್ದಳು.

ಲಕ್ಷ್ಮಕ್ಕ ಗುಡಿಸಲಿನಿಂದ ಬಂದು ಮಗನ ರಟ್ಟೆ ಹಿಡಿದಳು.

"ಅದರ ಮ್ಯಾಲೆ ಬೇಜಾರಾಗಬ್ಯಾಡ ಕಣಪ್ಪ. ನಾನೂ ಎದ್ದು ಓಡಿದ್ದೆ. ಅದಕ್ಕೆ ನಾಕು ಕಾಲು, ಮುಂದೆ ಹೋತು."

ಈರೇಶ ಅಲ್ಲೇ ಕೂತುಬಿಟ್ಟ. ದನ ಬಿಡುವ ಹೊತ್ತು ಮೀರಿತ್ತು, ಹಿರಿಯರಲ್ಲಿ ಯಾರೂ ಅವನನ್ನು ಅವಸರಪಡಿಸಲಿಲ್ಲ.