ಸೆಪ್ಟೆಂಬರ್ ಹಾಳೆ

ಶೀತಲ ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಬಂದಳು. ಅದು ಅವಳು ಬರುವ ಹೊತ್ತಲ್ಲ. ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಇರಲಿಲ್ಲ.

ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕುಳಿತಳು. ನನ್ನ ಕೈ ಜೋಳದ ಭಕ್ರಿಯ ಹಿಟ್ಟಿನಲ್ಲಿತ್ತು.

"ಅವ್ವಾ, ನನ್ನ ಹೊರಗ ಹಾಕ್ಯಾರ."

"ಯಾಕ?"

"ಕಳ್ಳಿ ಅಂತ."

ಅಷ್ಟು ಹೇಳಿ ನೀರು ಕೇಳಿದಳು. ಅಳಲಿಲ್ಲ. ನಾನೂ ಅಳಲಿಲ್ಲ. ಹಂಚಿನ ಮೇಲಿದ್ದ ಭಕ್ರಿ ತಿರುವಿ ಹಾಕಿದೆ. ಆಗಲೇ ಸೀದಿತ್ತು.

ನೀರು ಕುಡಿದ ಮೇಲೆ ಒಂದೊಂದಾಗಿ ಹೇಳಿದಳು. 2006ರ ಸೆಪ್ಟೆಂಬರ್ ಹದಿನೆಂಟು, ಸೋಮವಾರ. ಅವಳ ಕಂಪನಿ ವಿದೇಶದ ಒಂದು ಬ್ಯಾಂಕಿನ ಕೆಲಸ ಮಾಡುತ್ತದೆ. ಆ ಬ್ಯಾಂಕಿನ ಗಿರಾಕಿಗಳ ಹೆಸರು, ವಿಳಾಸ, ನಂಬರುಗಳನ್ನು ಶುಕ್ರವಾರ ಸಂಜೆ ಯಾರೋ ಒಂದು ಸೀಡಿಗೆ ಇಳಿಸಿಕೊಂಡಿದ್ದಾರೆ. ಇಳಿಸಿದ್ದು ಎಲ್ಲರೂ ಬಳಸುವ ಕಂಪ್ಯೂಟರಿನಿಂದ. ಸೋಮವಾರ ಬೆಳಿಗ್ಗೆ ಅದು ಗೊತ್ತಾಗಿದೆ. ಹತ್ತು ಗಂಟೆಗೆ ಬಾಗಿಲು ಹಾಕಿ ಎಲ್ಲರ ಮೇಜು ತಡಕಿದ್ದಾರೆ. ಸೀಡಿ ಶೀತಲಳ ಡ್ರಾಯರಿನಲ್ಲಿ ಸಿಕ್ಕಿದೆ.

"ಯಾರರ ಇಟ್ಟಿರಬೇಕು" ಎಂದೆ.

"ಹಂಗಂತ ನಾನೂ ಅಂದೆ. ಆದ್ರ ಕವರ್ ನಮ್ಮನೀದು ಅವ್ವಾ. ಕ್ಯಾಲೆಂಡರ್ ಹಾಳಿ. ದೂರಿಂದ ತೋರಿಸಿದ್ರು, ನಿನ್ನ ಕೆಂಪು ಪೆನ್ಸಿಲ್ ಗುರ್ತೂ ಅದ."

ಶುಕ್ರವಾರ ವಿಚಾರಣೆ. ಅಷ್ಟರೊಳಗೆ ಬೇರೆ ಯಾರೆಂದು ತಿಳಿಯದಿದ್ದರೆ ಪೊಲೀಸ್ ಕಂಪ್ಲೇಂಟು. ಒಮ್ಮೆ ಆ ಹೆಸರು ಬಂದರೆ ಈ ಊರಿನ ಯಾವ ಕಂಪನಿಯೂ ಅವಳನ್ನು ಒಳಗೆ ಬಿಡುವುದಿಲ್ಲ. ಅವಳಿಗಿನ್ನೂ ಇಪ್ಪತ್ತನಾಲ್ಕು.

* * *

ಕವರಿನ ವಿಷಯ ಹೇಳಬೇಕು.

ಶೀತಲ ಪ್ರತಿ ತಿಂಗಳು ಒಂದು ಹಾಡಿನ ಸೀಡಿ ಮಾಡುತ್ತಾಳೆ. ಹದಿನೈದು ಹಾಡು, ಎಲ್ಲ ಅವಳೇ ಆರಿಸಿದ್ದು. ಅರ್ಧ ಇಂಡಿ ರಾಕ್. ಯಾರಿಗೂ ಗೊತ್ತಿಲ್ಲದ ಸಣ್ಣ ಸಣ್ಣ ತಂಡಗಳು, ಗಿಟಾರು ಹಿಡಿದು ಪಕ್ಕದ ಕೋಣೆಯಲ್ಲಿ ಕೂತು ಹಾಡಿದಂತೆ ಇರುತ್ತದೆ. ಇನ್ನರ್ಧ ಹಿಪ್-ಹಾಪ್. ಅದರ ಮಾತು ನನಗೆ ತಿಳಿಯುವುದಿಲ್ಲ. ಆದರೆ ಭಕ್ರಿ ಬಡಿಯುವಾಗ ಅದನ್ನೇ ಹಚ್ಚು ಎನ್ನುತ್ತೇನೆ. ಕೈ ಬೇಸರವಿಲ್ಲದೆ ಓಡುತ್ತದೆ.

ತಿಂಗಳಿಗೆ ಒಂದೇ ಸೀಡಿ. ಅದು ಆಫೀಸಿನ ಗೆಳೆಯರಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಮೊದಲು ಅಂಬಾದಾಸ, ಆಮೇಲೆ ವೈಭವ. ತಿಂಗಳ ಕೊನೆಗೆ, ಹಳೇ ಸೀಡಿ ಕೂಡಿಡುವ ನನ್ನ ಲಾಡಿನ ಡಬ್ಬಿಗೆ ವಾಪಸು. ಕವರು ಮಾತ್ರ ನನ್ನ ಕಡೆಯಿಂದ. ತಿಂಗಳು ಮುಗಿದ ಮೇಲೆ ಕ್ಯಾಲೆಂಡರಿನ ಹಾಳೆ ಹರಿದು, ಇಸ್ತ್ರಿ ಹಾಕಿ ಕೊಡುತ್ತೇನೆ. ಅವಳು ಕತ್ತರಿಸಿ, ಮಡಚಿ, ಅಂಟಿಸುತ್ತಾಳೆ. ಒಂದು ಹಾಳೆಗೆ ಒಂದು ಕವರು. ಬೇಗಂ ಬಜಾರಿನ ಕಲ್ಯಾಣಪ್ಪನ ಅಂಗಡಿಯ ಕನ್ನಡ ಕ್ಯಾಲೆಂಡರು, ದಪ್ಪ ಕಾಗದ. ನಾವು ಜೋಳ ತರುವುದು ಅಲ್ಲಿಂದಲೇ. ಪ್ರತಿ ಡಿಸೆಂಬರಿನಲ್ಲಿ ಕೇಳಿ ಎರಡು ತರುತ್ತೇನೆ.

ಸಂಜೆ ನಮ್ಮವರು ಬಾಲಾನಗರದ ಕಾರ್ಖಾನೆಯಿಂದ ಬಂದರು. ಎಲ್ಲ ಕೇಳಿದರು. ಉಂಡರು. ಟಿವಿ ಹಚ್ಚಲಿಲ್ಲ.

ನಾನು ಪಾತ್ರೆ ತಿಕ್ಕುತ್ತ ಒಂದೇ ಪ್ರಶ್ನೆ ತಿರುವಿ ಹಾಕುತ್ತಿದ್ದೆ. ಈ ತಿಂಗಳ ನಿಜವಾದ ಸೀಡಿ ಎಲ್ಲಿದೆ?

* * *

"ವೈಭವನ ಹತ್ರ ಇರಬೇಕು" ಎಂದಳು ಶೀತಲ. ಹಾಗೆನ್ನುವಾಗ ಅವಳ ಮುಖ ನೋಡಿದೆ. ಇಬ್ಬರಿಗೂ ಆಗಿಬರುವುದಿಲ್ಲ. ಟೀಮ್ ಲೀಡ್ ಮಾಡುವ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು.

ವೈಭವ ನಮ್ಮ ಹಿಂದಿನ ಓಣಿಯಲ್ಲೇ ಇರುತ್ತಾನೆ, ಬೀದರಿನವನು. ಮಂಗಳವಾರ ಬೆಳಿಗ್ಗೆ ಅವನು ಆಫೀಸಿಗೆ ಹೊರಡುವ ಮೊದಲೇ ಹೋದೆ. ಹಲ್ಲುಜ್ಜುತ್ತ ಬಾಗಿಲು ತೆಗೆದ.

"ಕಾಕೂ! ನೀವು ನನ್ನ ಮ್ಯಾಲೆ ಸಂಶಯ ಮಾಡ್ಲಿಕ್ಕೆ ಬಂದೀರಿ."

"ಹೌದಪಾ" ಎಂದೆ.

ಅವನು ನಕ್ಕ. ಬಾಯಿ ತೊಳೆದು ಬಂದು, ಟೇಪ್‌ರೆಕಾರ್ಡರಿನ ಮೇಲಿದ್ದ ಸೀಡಿ ತಂದುಕೊಟ್ಟ.

"ಶುಕ್ರವಾರ ಸಂಜೀಗೆ ಅಂಬಾದಾಸ ಕೊಟ್ಟ. ಹಾಡು ಛಲೋ ಅವ. ಆ ಹಿಪ್-ಹಾಪ್ ಅಷ್ಟು ತಲಿಶೂಲಿ. ನಿಮ್ಮ ಮಗಳಿಗೆ ಸಿಟ್ಟು ಬಂದ್ರೂ ಹೇಳ್ತೀನಿ, ಅದು ಹಾಡಲ್ಲ, ಸಂತ್ಯಾಗಿನ ಜಗಳ."

ಕವರು ತಿರುಗಿಸಿ ನೋಡಿದೆ. ಆಗಸ್ಟ್ ಹಾಳೆ. ಹಾಲಿನವನು ಬಾರದ ದಿನಗಳಿಗೆ ನಾನು ಹಾಕಿದ ಕೆಂಪು ಇಂಟುಗಳು. ಹನ್ನೊಂದರ ಮೇಲೆ 'ಗ್ಯಾಸ್'. ಇದು ನಮ್ಮ ಗೋಡೆಯದೇ.

"ಇದನ್ನ ಹೊರಗ ತರಾಕ ಬಿಟ್ರೇನು?"

"ಅದೇ ಮಜಾ ನೋಡ್ರಿ. ದಿನಾ ಗೇಟಿನ್ಯಾಗ ಬೂದೆಪ್ಪ ಇರ್ತಾನ. ಕ್ಯಾಲೆಂಡರ್ ಹಾಳಿ ಕಂಡ್ರ ಸಾಕು, 'ಅಕ್ಕಾರ ಹಾಡು, ಹೋಗ್ರಿ' ಅಂತಾನ. ಬ್ಯಾರೆ ಸೀಡಿ ಆದ್ರ ಯಾರನ್ನೂ ಬಿಡಂಗಿಲ್ಲ. ಶುಕ್ರವಾರ ಅಂವ ಊರಿಗೆ ಹೋಗಿದ್ದ. ಹೊಸ ಗಾರ್ಡು ಇದನ್ನ ಕಂಪ್ಯೂಟರಿಗೆ ಹಾಕಿ ಹದಿನೈದೂ ಹಾಡು ನೋಡಿ ಬಿಟ್ಟ. ಅರ್ಧ ತಾಸು ನಿಂತಿದ್ದೆ."

ಸುಳ್ಳು ಹೇಳುವವನು ಇಷ್ಟು ಸಲೀಸಾಗಿ ನಿಂತ ಹೊತ್ತು ಹೇಳುವುದಿಲ್ಲ. ಗಾರ್ಡನ್ನು ಕೇಳಿದರೆ ಗೊತ್ತಾಗುವ ಮಾತು ಅದು. ವೈಭವನ ಮೇಲಿನ ಸಂಶಯವನ್ನು ಅಲ್ಲೇ ಬಿಟ್ಟು ಬಂದೆ. ದಾರಿಯಲ್ಲಿ ಕೊತ್ತಂಬರಿ ಕೊಂಡೆ.

* * *

ಬುಧವಾರ ಮಧ್ಯಾಹ್ನ ಗೋಪಿನಾಥ ಬಂದರು. ಕಂಪನಿಯ ಭದ್ರತೆಯ ಅಧಿಕಾರಿ, ಪೊಲೀಸ್ ಇಲಾಖೆಯಿಂದ ನಿವೃತ್ತರು, ರಾಯಚೂರು ಕಡೆಯವರು. ಮನೆಯ ಕಂಪ್ಯೂಟರ್ ಪರೀಕ್ಷೆಗೆ ಒಯ್ಯಬೇಕಿತ್ತು. ಅಡುಗೆಮನೆಗೆ ಹೊಂದಿಕೊಂಡಿದ್ದ ಮೇಜಿನ ಹತ್ತಿರ ಕುಳಿತರು.

"ಬಿಸ್ಕೀಟ್ ಬ್ಯಾಡ್ರಿ ತಾಯೀ, ಸಕ್ಕರಿ ಐತಿ ನನಗ. ಚಾ ಕೊಡ್ರಿ, ಸಕ್ಕರಿ ಹಾಕಿ."

ಚಹಾ ಕುದಿಯುವಾಗ ಅವರು ಪ್ಲಾಸ್ಟಿಕ್ ಚೀಲದಲ್ಲಿದ್ದ ಸೀಡಿಯನ್ನು ಮೇಜಿನ ಮೇಲಿಟ್ಟರು.

"ಇದು ನಿಮ್ಮನಿ ಹಾಳಿ ಹೌದಲ್ರಿ? ಸುಳ್ಳ ಹೇಳಿದ್ರ ನಿಮ್ಮ ಮಗಳಿಗೇ ತ್ರಾಸ."

ಸೆರಗಿಗೆ ಕೈ ಒರೆಸಿಕೊಂಡು ನೋಡಿದೆ. ಸೆಪ್ಟೆಂಬರ್ ಹಾಳೆ. ಕೆಳಗೆ ಕಲ್ಯಾಣಪ್ಪನ ಅಂಗಡಿಯ ಹೆಸರು. ಇಡೀ ಹಾಳೆಯಲ್ಲಿ ಒಂದೇ ಗುರುತು. ಹದಿನೈದರ ಸುತ್ತ ಕೆಂಪು ಪೆನ್ಸಿಲಿನ ಒಂದು ದುಂಡು.

"ಗುರ್ತು ನಾನೇ ಹಾಕಿದ್ದು" ಎಂದೆ.

ಶೀತಲ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಾಳಿ ಮಾತ್ರ ನಮ್ಮನೀದಲ್ಲ."

"ಅದ್ಹೆಂಗ್ರಿ?"

"ಹಿಂದ ಹೊಳ್ಳಿ ನೋಡ್ರಿ."

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ಸೆಪ್ಟೆಂಬರ್. ಹಾಲಿನ ಮೂರು ಇಂಟುಗಳು. ಹದಿನೈದು ಖಾಲಿ.

"ತಿಂಗಳು ಮುಗಿಯೂತನಕ ನಾ ಹಾಳಿ ಹರಿಯಂಗಿಲ್ಲ. ಈ ತಿಂಗಳ ಸೀಡಿಗೆ ಹೋದ ತಿಂಗಳ ಹಾಳಿ. ಇಗೋ, ಅದಿಲ್ಲೇ ಅದ." ವೈಭವ ಕೊಟ್ಟಿದ್ದನ್ನು ಪಕ್ಕಕ್ಕಿಟ್ಟೆ.

ಗೋಪಿನಾಥ ಎದ್ದು ಹೋಗಿ ಗೋಡೆಯ ಹಾಳೆಯನ್ನು ಬೆರಳಿನಿಂದ ಮುಟ್ಟಿದರು. ಮೇಜಿನ ಮೇಲಿನದನ್ನು ನೋಡಿದರು. ಮತ್ತೆ ಗೋಡೆ.

"ಅಂದ್ರ ಇನ್ನೊಂದು ಕ್ಯಾಲೆಂಡರ್ ಐತಿ. ಅದರ ಮ್ಯಾಲೂ ನೀವೇ ಗುರ್ತು ಮಾಡೀರಿ. ಯಾರ ಮನ್ಯಾಗ?"

ನನಗೆ ಗೊತ್ತಿತ್ತು. ಕೈ ಚಹಾ ಸೋಸುತ್ತಿತ್ತು. ಬೆರಳಿನ ಮೇಲೆ ಚಹಾ ಬಿದ್ದದ್ದು ಆಮೇಲೆ ಬೊಬ್ಬೆ ಎದ್ದಾಗ ತಿಳಿಯಿತು.

"ಸಂಜೀ ಆರಕ್ಕ ಬರ್ರಿ. ಒಳಗಿನ ಖೋಲ್ಯಾಗ ಕೂಡ್ರಿ" ಎಂದೆ.

ಅವರು ಹೋದ ಮೇಲೆ ಫೋನ್ ಮಾಡಿದೆ.

"ಅಂಬಾದಾಸ, ಸಂಜೀಗೆ ಊಟಕ್ಕ ಬಾ. ಬರೂವಾಗ ನಿನ್ನ ಕ್ಯಾಲೆಂಡರ್ ತಗೊಂಡ್ ಬಾ. ನಮ್ಮದು ಎಲ್ಲಿಟ್ಟೀನೋ ಸಿಗವಲ್ದು, ಅಮಾಸಿ ನೋಡಬೇಕು."

"ಆತ್ರಿ ಕಾಕು" ಎಂದ. ಈ ಹುಡುಗ ನನ್ನ ಮಾತಿಗೆ ಎಂದೂ ಇಲ್ಲ ಎಂದವನಲ್ಲ.

ಗೋಡೆಯ ಕ್ಯಾಲೆಂಡರನ್ನು ತೆಗೆದು ಒಳಗಿಟ್ಟೆ.

* * *

ಆರೂಕಾಲಿಗೆ ಬಂದ. ಕಂಕುಳಲ್ಲಿ ಸುರುಳಿ. ಮೇಜಿನ ಮೇಲೆ ಬಿಡಿಸಿದ. ಮೇಲಿನ ಹಾಳೆ ಅಕ್ಟೋಬರ್.

"ಇದರಾಗ ಸೆಪ್ಟೆಂಬರ್ ಇಲ್ಲರಿ ಕಾಕು. ಎಲ್ಲೋ ಹರದು ಹೋಗೇದ."

"ಎಲ್ಲಿ ಹೋಗೇದ ನನಗ ಗೊತ್ತದ."

ಒಳಗಿನಿಂದ ಗೋಪಿನಾಥ ಬಂದು ಪ್ಲಾಸ್ಟಿಕ್ ಚೀಲವನ್ನು ಅಕ್ಟೋಬರಿನ ಮೇಲಿಟ್ಟರು. ಅಂಬಾದಾಸ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತ ಶೀತಲಳನ್ನು ಮಾತ್ರ ನೋಡಲಿಲ್ಲ.

"ನಾನೇ ಹೇಳ್ತೀನಿ" ಎಂದೆ. "ತಪ್ಪಿದ್ರ ತಿದ್ದು. ನಿನಗ ಸೀಡಿ ಹೊರಗ ಒಯ್ಯಬೇಕಾಗಿತ್ತು. ಕ್ಯಾಲೆಂಡರ್ ಹಾಳಿ ಇದ್ರ ಬೂದೆಪ್ಪ ಬಿಡ್ತಾನಂತ ಗೊತ್ತಿತ್ತು. ಶೀತಲನ ಕವರು ನೀ ಒಯ್ಯಾಂಗಿರಲಿಲ್ಲ, ಅದನ್ನ ವೈಭವಗ ಕೊಡೂ ಪಾಳಿ. ಅದಕ್ಕ ನಿನ್ನ ಗ್ವಾಡಿ ಮ್ಯಾಗಿನ ಹಾಳಿ ಹರದು ನೀನೇ ಮಾಡಿದಿ. ಶುಕ್ರವಾರ ನೋಡಿದ್ರ ಗೇಟಿನ್ಯಾಗ ಹೊಸಬ. ವೈಭವನ ಸೀಡಿ ಹಾಕಿ ನೋಡ್ಲಿಕ್ಕತ್ತಾನ. ನೀ ಹೆದರಿ ಹೊಳ್ಳಿ ಹೋಗಿ ನಿನ್ನ ಮೇಜಿನ್ಯಾಗ ಇಟ್ಟಿ."

"ಸೋಮವಾರ ಒಯ್ಯೂಣಂತ ಇದ್ದೆ" ಎಂದ. ದನಿ ಸಣ್ಣಗಿತ್ತು. "ಬ್ಯಾರೆ ಕಂಪನಿಯವರು ಕೇಳಿದ್ರು. ತಂದ್ರ ಕೆಲಸ, ಇಲ್ಲಂದ್ರ ಇಲ್ಲ ಅಂದ್ರು. ಹತ್ತಕ್ಕ ಬಾಗಲಾ ಹಾಕಿಬಿಟ್ರು. ಶೀತಲನ ಡ್ರಾಯರ್ ನನ್ನ ಬಾಜೂಕ ಇತ್ತು. ಕೈ ಹೋತು ಕಾಕು. ವಿಚಾರ ಮಾಡ್ಲಿಲ್ಲ."

"ಮೂರು ದಿನ ಆತು" ಎಂದಳು ಶೀತಲ. "ಆಮ್ಯಾಲೂ ವಿಚಾರ ಮಾಡ್ಲಿಲ್ಲೇನು?"

ಅವನು ಸುರುಳಿಯಾಗುತ್ತಿದ್ದ ಹಾಳೆಯ ಅಂಚನ್ನು ಒತ್ತಿ ಹಿಡಿದ.

"ಸೆಪ್ಟೆಂಬರ್ ಯಾಕ ಹರದ್ಯೋ ಮಾರಾಯಾ?" ಎಂದರು ಗೋಪಿನಾಥ. "ಆಗಸ್ಟ್ ಹರದಿದ್ರ ನಾವ್ಯಾರೂ ಹಿಡೀತಿರಲಿಲ್ಲ."

"ಹಳೇ ಹಾಳಿ ಕಸದಾಗ ಒಗದಿದ್ದೆ. ಮ್ಯಾಲೆ ಇದ್ದಿದ್ದು ಅದೇ."

ಗೋಪಿನಾಥ ಬೆರಳಿನಿಂದ ಕೆಂಪು ದುಂಡು ತೋರಿಸಿದರು. "ಈ ಗುರ್ತು ಏನ್ರಿ ತಾಯೀ?"

ನಾನು ಹೇಳಿದೆ. ಹೋದ ವರ್ಷ ಇವನ ತಾಯಿ ತೀರಿಕೊಂಡಳು. ಇವನಿಗೆ ತಿಥಿ ನೋಡಲು ಬರುವುದಿಲ್ಲ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಎರಡನೇ ಕ್ಯಾಲೆಂಡರು ಕೊಟ್ಟು, ಇದೇ ಮೇಜಿನ ಮೇಲೆ ಹಾಳೆ ತಿರುವಿ ಗುರುತು ಮಾಡಿದ್ದೆ. ಪಿತೃಪಕ್ಷದ ನವಮಿ, ಮುತ್ತೈದೆಯಾಗಿ ಹೋದ ತಾಯಂದಿರ ದಿನ. ಈ ವರ್ಷ ಶುಕ್ರವಾರ, ಹದಿನೈದು.

"ಅವತ್ತು ನಿಮ್ಮವ್ವಗ ಎಡಿ ಇಟ್ಟಿಯೇನು?" ಎಂದು ಕೇಳಿದೆ.

"ಇಲ್ಲರಿ. ಹಾಳಿ ಇರಲಿಲ್ಲ. ಮರತೆ."

ಗೋಪಿನಾಥ ಅವನ ಭುಜದ ಮೇಲೆ ಕೈಯಿಟ್ಟರು. ಅವನು ಎದ್ದ. ಒಲೆಯ ಮೇಲೆ ನಾಲ್ಕು ಜನಕ್ಕೆ ಮಾಡಿದ ಪಲ್ಯ ಇತ್ತು. ಯಾರೂ ಉಣ್ಣಲಿಲ್ಲ.

* * *

ಶೀತಲಳಿಗೆ ಶುಕ್ರವಾರ ಕಾರ್ಡು ವಾಪಸು ಬಂತು, ಜೊತೆಗೆ ಕ್ಷಮೆ ಕೇಳಿದ ಒಂದು ಕಾಗದ. ಅದನ್ನು ಓದಿ ಫ್ರಿಜ್ಜಿನ ಮೇಲಿಟ್ಟಳು. ಸೋಮವಾರದಿಂದ ಕೆಲಸಕ್ಕೆ ಹೋದಳು.

ಅಕ್ಟೋಬರ್ ಒಂದಕ್ಕೆ ಸೆಪ್ಟೆಂಬರ್ ಹಾಳೆ ಹರಿದು, ಇಸ್ತ್ರಿ ಹಾಕಿ ಕೊಟ್ಟೆ. ಅವಳು ಕತ್ತರಿಸಿದಳು, ಮಡಚಿದಳು, ಅಂಟಿಸಿದಳು. ಒಳಗೆ ಏನೂ ಹಾಕಲಿಲ್ಲ.

"ಈ ತಿಂಗಳು ಹಾಡು ಸಿಗವಲ್ಲವು ಅವ್ವಾ."

"ಇರಲಿ" ಎಂದೆ. ಖಾಲಿ ಕವರನ್ನು ಡಬ್ಬಿಯಲ್ಲಿ ಅದರ ಜಾಗದಲ್ಲಿ ಇಟ್ಟೆ.

ಡಿಸೆಂಬರಿನಲ್ಲಿ ಜೋಳಕ್ಕೆಂದು ಬೇಗಂ ಬಜಾರಿಗೆ ಹೋದೆ. ಕಲ್ಯಾಣಪ್ಪ ಕೇಳದೆಯೇ ಎರಡು ಕ್ಯಾಲೆಂಡರು ಸುತ್ತಿ ಕೊಟ್ಟ. ಒಂದನ್ನು ಹಿಂದಕ್ಕೆ ಕೊಟ್ಟೆ.

"ಯಾಕ್ರೀ ಅಕ್ಕಾರ? ಆ ಹುಡುಗ ಊರಿಗೆ ಹೋದನೇನು?"

"ಹೂಂ" ಎಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜೋಳದ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಹೊಸ ಕ್ಯಾಲೆಂಡರು ಬಿಡಿಸಿದೆ. ಹಾಳೆ ತಿರುವುತ್ತ ಹೋದೆ. ಪಿತೃಪಕ್ಷ ಸಿಕ್ಕಿತು. ನವಮಿಯ ಮೇಲೆ ಬೆರಳು ನಿಂತಿತು.

ಪೆನ್ಸಿಲ್ ಕೈಚೀಲದಲ್ಲೇ ಇತ್ತು. ತೆಗೆಯಲಿಲ್ಲ.