ಬಿಳಿ ಲೇಪ

ಹಯ್ಯಾಳಪ್ಪ ಒಲೆಯ ಉಕ್ಕಿನ ಫಲಕದ ಮೇಲೆ ಹಂಚು ಇಟ್ಟು ನೀರು ಚಿಮುಕಿಸಿದ. ಚುರ್ ಎಂದಿತು. ಬೆಂಕಿಯಿಲ್ಲ, ಹೊಗೆಯಿಲ್ಲ. ಫಲಕದ ಕೆಳಗಿನ ಪೆಟ್ಟಿಗೆಯೊಳಗಿನ ಕಲ್ಲು ನಿನ್ನೆಯ ಬಿಸಿಲನ್ನು ಐನೂರು ಡಿಗ್ರಿಯಲ್ಲಿ ಹಿಡಿದಿಟ್ಟುಕೊಂಡಿತ್ತು. ಇವತ್ತಿನ ರೊಟ್ಟಿ ಅದರಲ್ಲೇ ಬೇಯುತ್ತಿತ್ತು.

ಅದು ೨೦೫೮ನೆಯ ಇಸವಿ. ಯಾದಗಿರಿ ಜಿಲ್ಲೆಯ ಮೂವತ್ತು ಮನೆಗಳಲ್ಲಿ ಇಂಥ ಒಲೆಗಳು ಪರೀಕ್ಷೆಯಲ್ಲಿದ್ದವು. ರೂಪಿಸಿದವಳು ರಾಯಚೂರಿನ ವಿಜ್ಞಾನಿ ವೈಜಯಂತಿ ಮಸ್ಕಿ. ತಕ್ಕ ಕಲ್ಲು ಸಿಕ್ಕಿತ್ತು, ಬಿಸಿಲು ಹಿಡಿಯುವ ಕನ್ನಡಿಯೂ ಸಿಕ್ಕಿತ್ತು. ಕಾಡಿದ್ದು ಕಲ್ಲಿಗೂ ಉಕ್ಕಿನ ಫಲಕಕ್ಕೂ ನಡುವಿನ ಲೇಪ. ಕಲ್ಲನ್ನೂ ಉಕ್ಕನ್ನೂ ಎಷ್ಟೇ ನಯ ಮಾಡಿದರೂ ಅವು ಅಲ್ಲಲ್ಲಿ ಮಾತ್ರ ತಾಗುತ್ತವೆ, ಉಳಿದೆಡೆ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಆ ಸಂದುಗಳನ್ನು ತುಂಬಬೇಕು.

ಎಣ್ಣೆ ಬೆರೆತ ಲೇಪಗಳೆಲ್ಲ ಮೊದಲ ವಾರವೇ ಸುಟ್ಟುಹೋದವು. ಕೊನೆಗೆ ಎರಡು ಉಳಿದವು. ಬೆಳ್ಳಿಪುಡಿಯ ಲೇಪ ಶಾಖವನ್ನು ಬೇಗ ದಾಟಿಸುತ್ತಿತ್ತು, ಆದರೆ ವರ್ಷದೊಳಗೆ ಬಿರುಕು ಬಿಡುತ್ತಿತ್ತು. ಯಾರಾದರೂ ಹೋಗಿ ಮತ್ತೆ ಬಳಿಯಬೇಕು. ಬೋರಾನ್ ನೈಟ್ರೈಡ್ ಎಂಬ, ಸುಣ್ಣದಷ್ಟು ಬೆಳ್ಳಗಿನ ಪುಡಿಯದು ತುಸು ನಿಧಾನ; ಹತ್ತು ವರ್ಷ ಬಾಳುವಂಥದ್ದು. ಇವೆರಡರಲ್ಲಿ ಒಂದನ್ನು ನಲವತ್ತು ಸಾವಿರ ಮನೆಗಳಿಗೆ ಆರಿಸಬೇಕಿತ್ತು.

ಬಿಳಿ ಲೇಪದ ಹದಿನೈದು ಒಲೆಗಳಲ್ಲಿ ಹದಿನಾಲ್ಕು ಚೆನ್ನಾಗಿದ್ದವು. ಹಯ್ಯಾಳಪ್ಪನದು ಮಾತ್ರ ತಿಂಗಳಿಗೊಮ್ಮೆ ತಣ್ಣಗಾಗುತ್ತಿತ್ತು; ಪ್ರತಿ ಸಲವೂ ವೈಜಯಂತಿ ಲೇಪದ್ದೇ ದೋಷವೆಂದು ಬಗೆದು ಹೋಗಿ ಮತ್ತೆ ಬಳಿದುಬರುತ್ತಿದ್ದಳು. ಹದಿನೈದಕ್ಕೊಂದು ಎಂದರೆ ಮುಂದೆ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳು ಉಪವಾಸ. ಬಿಳಿಯದನ್ನು ಕೈಬಿಡುವುದೆಂದು ವೈಜಯಂತಿ ವರದಿಯ ಕರಡನ್ನೂ ಬರೆದಿದ್ದಳು. ಕೊನೆಯ ಸಲ ನೋಡಿಬಿಡೋಣವೆಂದು ಹೊರಟಳು.

ಹಯ್ಯಾಳಪ್ಪ ಕಾಲುವೆಯ ಗೇಟು ಕಾಯುವವ. ಮದುವೆಯಾದವನಲ್ಲ. ಊರಿನಿಂದ ಎಂಟು ಮೈಲಿ ದೂರದ ಒಂಟಿ ಕ್ವಾರ್ಟರ್ಸಿನಲ್ಲಿ ವಾಸ. ಆಕೆ ಬರುವ ಮೊದಲೇ ಅಂಗಳ ಗುಡಿಸಿ, ಕುರ್ಚಿ ಹಾಕಿಟ್ಟಿದ್ದ.

ವೈಜಯಂತಿ ಫಲಕ ತೆಗೆದು ನೋಡಿದಳು. ಲೇಪಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಫಲಕವನ್ನು ಕಲ್ಲಿಗೆ ಬಿಗಿಯುವ ಆರು ಬೋಲ್ಟುಗಳೂ ಆಕೆ ಬಿಚ್ಚುವ ಮೊದಲೇ ಸಡಿಲವಾಗಿದ್ದವು; ಅವುಗಳ ತಲೆಯ ಮೇಲೆ ಪಾನಾ ತಿರುಗಿಸಿದ ಹೊಸ ಗುರುತುಗಳಿದ್ದವು.

"ಕಾಕಾ, ಇವನ್ನ ಯಾರು ಸಡಿಲ ಮಾಡ್ಯಾರ?"

ಅವನು ಅಂಗಳದ ಕಟ್ಟಿಗೆ ಒಲೆಯ ಮೇಲೆ ಕಾಯಿಸಿದ ಚಹಾವನ್ನು ಬಹಳ ಹೊತ್ತು ಸೋಸಿದ. "ನಾನ ಮಾಡೀನ್ರಿ ಅಕ್ಕಾರ."

"ಯಾಕ?"

"ಒಲಿ ಛಲೋ ಇದ್ರ ನೀವು ಬರಂಗಿಲ್ಲಲ್ರಿ. ಗೇಟ್ ತಾನ ತಗೀತದ, ತಾನ ಮುಚ್ಚತದ. ಹೋದ ತಿಂಗಳು ನಾ ಮಾತಾಡಿದ್ದು ನಿಮ್ಮ ಜೋಡಿ ಅಷ್ಟ."

ಆಕೆಗೆ ಸಿಟ್ಟು ಬಂತು. "ನಿಮ್ಮದೊಂದು ಒಲಿ ಸಲುವಾಗಿ ಎಷ್ಟು ಮಂದಿಗೆ ತ್ರಾಸ ಆಗ್ತಿತ್ತು, ಗೊತ್ತದನು?"

"ಅಷ್ಟು ತಿಳೀಲಿಲ್ರಿ, ತಪ್ಪಾತು." ಲೋಟ ಕೊಟ್ಟು ಮೆಲ್ಲಗೆ ಕೇಳಿದ: "ಬೆಳ್ಳೀದು ಹಚ್ಚಿದ್ರ ವರ್ಷಕ್ಕೊಮ್ಮೆ ಯಾರರ ಬರ್ತಾರೇನ್ರಿ?"

"ಬರ್ತಾರ."

"ಹಂಗಾರ ಅದನ್ನ ಹಚ್ಚಿಬಿಡ್ರಿ."

ಆಕೆ ಫಲಕವನ್ನು ಮತ್ತೆ ಕೂರಿಸಿ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು.

ಬಿಳಿ ಲೇಪವನ್ನೇ ಆರಿಸಿದಳು, ಬೇರೆ ಮಾಡುವಂತಿರಲಿಲ್ಲ. ವರದಿಯ ಕೊನೆಗೆ ಒಂದು ಸಾಲು ಸೇರಿಸಿದಳು: ವರ್ಷಕ್ಕೊಮ್ಮೆ ಪ್ರತಿ ಮನೆಗೂ ಒಬ್ಬರು ಹೋಗಿಬರಬೇಕು.

"ಕೆಡದ ಒಲೆ ನೋಡೋಕೆ ಹೋಗಿ ಏನು ಮಾಡೋದು, ಮೇಡಂ?" ಎಂದರು ವರದಿ ಓದಿದ ಯೋಜನೆಯ ಸಮಿತಿಯವರು.

"ಮಾತಾಡೋದು," ಎಂದಳು. ಅವರು ನಕ್ಕು ಆ ಸಾಲನ್ನು ಹೊಡೆದುಹಾಕಿದರು.

ಮರುವರ್ಷ ರಜೆ ಹಾಕಿ ಆಕೆಯೇ ಹೋದಳು. ಹಯ್ಯಾಳಪ್ಪ ಗಾಬರಿಯಿಂದ ಓಡಿಬಂದ. "ನಾ ಏನೂ ಮುಟ್ಟಿಲ್ರಿ ಅಕ್ಕಾರ, ದೇವರಾಣಿ!"

"ಗೊತ್ತದ ಕಾಕಾ. ಸುಮ್ಮನ ಬಂದೀನಿ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಸಂಜೆಯವರೆಗೂ ಅವನ ಮಾತು ನಿಲ್ಲಲಿಲ್ಲ.

ಹಿಂದಿರುಗುವ ದಾರಿಯುದ್ದಕ್ಕೂ ಮಾಳಿಗೆಗಳ ಮೇಲೆ ಆಕೆಯ ಕನ್ನಡಿಗಳು ಹೊಳೆಯುತ್ತಿದ್ದವು. ಯಾವ ಮನೆಯಿಂದಲೂ ದೂರು ಬಂದಿರಲಿಲ್ಲ. ದೂರು ಬಾರದ ಮನೆಯಲ್ಲಿ ಎಲ್ಲವೂ ಸರಿಯಿರುತ್ತದೆಂದು ಆಕೆಯೂ ಒಂದು ಕಾಲಕ್ಕೆ ನಂಬಿದ್ದಳು, ನಮ್ಮ ಹಾಗೆಯೇ.